ಹಳೇ ಕಾರಿಗೆ ಹೊಸ ಸ್ಪೀಕರ್: ಮೊದಲು ಬಾಗಿಲು ಬಿಚ್ಚಿ, ಆಮೇಲೆ ಪರ್ಸು

ಈ ಕೆಲಸದಲ್ಲಿ ಎಡವುವವರು ಹೆಚ್ಚುಕಮ್ಮಿ ಎಲ್ಲರೂ ಒಂದೇ ಕಡೆ ಎಡವುತ್ತಾರೆ. ಅಂಗಡಿಗೆ ಹೋಗಿ, ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದ ವ್ಯಾಟ್ ನೋಡಿ ಸ್ಪೀಕರ್ ತರುತ್ತಾರೆ. ಮನೆಗೆ ಬಂದು ಬಾಗಿಲು ಬಿಚ್ಚಿದರೆ ಅದು ಕೂರುವುದಿಲ್ಲ. ಕೂತರೆ ಗಾಜು ಇಳಿಯುವುದಿಲ್ಲ. ಗಾಜು ಇಳಿದರೆ, ಸದ್ದು ಹಳೇ ಸ್ಪೀಕರ್‌ಗಿಂತ ಕಮ್ಮಿ!

ನಾನೂ ಹಾಗೇ ಮಾಡಿದವನು. ನನ್ನ ಹಳೇ ಕಾರಿನ ಡ್ರೈವರ್ ಬಾಗಿಲಿಗೆ ದೊಡ್ಡ ಮ್ಯಾಗ್ನೆಟ್ಟಿನ ಸ್ಪೀಕರ್ ತಂದು ಹಾಕಿಸಿದೆ. ಗಾಜು ಅರ್ಧಕ್ಕೆ ಬಂದು ‘ಟಕ್’ ಎಂದು ನಿಲ್ಲುತ್ತಿತ್ತು. ‘ಅರ್ಧ ಇಳಿದರೆ ಸಾಕಲ್ವಾ’ ಎಂದು ಎರಡು ತಿಂಗಳು ಓಡಿಸಿದೆ. ಒಂದು ಮಧ್ಯಾಹ್ನ ಟೋಲ್‌ನಲ್ಲಿ ಗಾಜಿನ ಕೆಳ ಅಂಚು ಮ್ಯಾಗ್ನೆಟ್ಟಿಗೆ ಸಿಕ್ಕಿಕೊಂಡು, ಗಾಜನ್ನು ಏರಿಸಿ ಇಳಿಸುವ ರೆಗ್ಯುಲೇಟರ್ ಕಿತ್ತುಬಂತು. ಸ್ಪೀಕರ್‌ಗೆ ಕೊಟ್ಟಷ್ಟೇ ದುಡ್ಡು ಅದಕ್ಕೂ ಹೋಯಿತು.

ಇಲ್ಲಿ ಹೇಳುವುದೆಲ್ಲ ಮಾರುತಿ 800, ಆಲ್ಟೊ, ಜೆನ್, ವ್ಯಾಗನ್‌ಆರ್, ಸ್ಯಾಂಟ್ರೊ, ಇಂಡಿಕಾದಂಥ ಹಳೇ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಸ್ಪೀಕರ್ ಕೊಳ್ಳುವುದು ಆರನೇ ಹಂತದಲ್ಲಿ ಬರುತ್ತದೆ, ಅದಕ್ಕೆ ಮೊದಲು ಸ್ಪೀಕರ್ ಅಂಗಡಿ ಕಡೆ ಹೋಗಬೇಡಿ.

ಬೇಕಾಗುವ ಸಾಮಾನು

ಸ್ಟಾರ್ ಸ್ಕ್ರೂಡ್ರೈವರ್, 10 ಎಂಎಂ ಸ್ಪ್ಯಾನರ್, ಸಾದಾ ಡಿಜಿಟಲ್ ಮಲ್ಟಿಮೀಟರ್, ಒಂದು 1.5 ವೋಲ್ಟ್ ಪೆನ್ಸಿಲ್ ಸೆಲ್, ಎರಡು ತುಂಡು ವೈರು, ಸ್ಟೀಲ್ ಸ್ಕೇಲು, ಟಾರ್ಚು. ಡೋರ್ ಪ್ಯಾಡ್ (ಬಾಗಿಲಿನ ಒಳಹೊದಿಕೆ) ಎಬ್ಬಿಸಲು ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ. ಅದಿಲ್ಲದಿದ್ದರೆ ಅಡುಗೆಮನೆಯ ಗಟ್ಟಿ ಪ್ಲಾಸ್ಟಿಕ್ ಸೌಟಿನ ಹಿಡಿಯೂ ಆದೀತು, ಕೇಳಿ ತೆಗೆದುಕೊಳ್ಳಿ. ಇನ್ನು ಹಳೇ ಬನಿಯನ್ ಬಟ್ಟೆ, ಒಂದಿಷ್ಟು ರಟ್ಟು, ಪೊರಕೆ ಕಡ್ಡಿ. ಕೊನೆಯ ಮೂರೂ ತಮಾಷೆಗೆ ಹೇಳಿದ್ದಲ್ಲ, ಕೆಲಸಕ್ಕೆ ಬರುತ್ತವೆ.

ಹಂತ 1: ಹಾಳಾಗಿರುವುದು ಸ್ಪೀಕರ್ರೇ ಹೌದಾ?

ಸದ್ದು ಕೆಟ್ಟ ಕೂಡಲೇ ಸ್ಪೀಕರ್ ಮೇಲೆ ತಪ್ಪು ಹೊರಿಸುತ್ತೇವೆ. ಹಳೇ ಕಾರಿನಲ್ಲಿ ತಪ್ಪು ಎಷ್ಟೋ ಸಲ ಬೇರೆ ಕಡೆ ಇರುತ್ತದೆ.

ಸ್ಟೀರಿಯೊದ ಬ್ಯಾಲೆನ್ಸ್ (ಎಡ-ಬಲ) ಮತ್ತು ಫೇಡರ್ (ಮುಂದೆ-ಹಿಂದೆ) ತಿರುಗಿಸಿ, ಒಂದೊಂದೇ ಸ್ಪೀಕರ್ ಕೇಳಿ. ಯಾವುದು ಒಡೆದ ಸದ್ದು ಕೊಡುತ್ತದೆ, ಯಾವುದು ಪೂರ್ತಿ ಮೌನ ಎಂದು ಬರೆದುಕೊಳ್ಳಿ. ನಾಲ್ಕೂ ಒಟ್ಟಿಗೆ ಒಡೆದ ಸದ್ದು ಕೊಡುತ್ತಿದ್ದರೆ ಸ್ಟೀರಿಯೊವನ್ನೇ ಅನುಮಾನಿಸಿ. ನಾಲ್ಕು ಸ್ಪೀಕರ್ ಒಂದೇ ವಾರದಲ್ಲಿ ಸಾಯುವುದು ಅಪರೂಪ.

ಸದ್ದು ಬಂದು ಬಂದು ಹೋಗುತ್ತಿದ್ದರೆ ಇನ್ನೊಂದು ಪರೀಕ್ಷೆ ಇದೆ. ಹಾಡು ಹಾಕಿ, ಬಾಗಿಲನ್ನು ನಿಧಾನಕ್ಕೆ ತೆರೆದು ಮುಚ್ಚಿ. ಬಾಗಿಲು ಆಡಿದಾಗಲೇ ಸದ್ದು ಕಡಿದರೆ, ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಬೂಟಿನೊಳಗೆ ವೈರ್ ತುಂಡಾಗಿದೆ ಎಂದರ್ಥ. ವರ್ಷಗಟ್ಟಲೆ ಬಾಗಿಲು ಹಾಕಿ ತೆಗೆದು ಮಾಡಿ ಅಲ್ಲಿ ತಾಮ್ರ ಮುರಿಯುತ್ತದೆ. ಅದಕ್ಕೆ ಎಷ್ಟು ಒಳ್ಳೆಯ ಸ್ಪೀಕರ್ ಹಾಕಿದರೂ ಕಥೆ ಅಷ್ಟೇ. ವೈರ್ ಸರಿಮಾಡಿದರೆ ಹಳೇ ಸ್ಪೀಕರ್ರೇ ಹಾಡುತ್ತದೆ.

ಉಳಿದ ಪರೀಕ್ಷೆಗೆ ಸ್ಪೀಕರ್ ಕಣ್ಣಿಗೆ ಕಾಣಬೇಕು. ಹಾಗಾಗಿ ಬಾಗಿಲು ಬಿಚ್ಚೋಣ.

ಹಂತ 2: ಡೋರ್ ಪ್ಯಾಡ್ ಬಿಚ್ಚುವುದು

ಬ್ಯಾಟರಿಯ ಮೈನಸ್ ಟರ್ಮಿನಲ್ ಮೊದಲು ತೆಗೆಯಿರಿ. ಒಂದು ಎಚ್ಚರಿಕೆ: ಕೆಲವು ಹಳೇ ಕಂಪನಿ ಸ್ಟೀರಿಯೊಗಳು ಬ್ಯಾಟರಿ ತೆಗೆದು ಹಾಕಿದ ಮೇಲೆ ಕೋಡ್ ಕೇಳುತ್ತವೆ. ಕಾರಿನ ಕೈಪಿಡಿಯ ಜತೆ ಆ ಕೋಡಿನ ಚೀಟಿ ಇದೆಯಾ ನೋಡಿಕೊಂಡೇ ಮುಂದುವರಿಯಿರಿ.

ಗಾಜು ಇಳಿಸುವ ಹ್ಯಾಂಡಲ್ ಇರುವ ಕಾರುಗಳಲ್ಲಿ ಜನ ಇಲ್ಲೇ ಸೋಲುತ್ತಾರೆ. ಸ್ಕ್ರೂ ಹುಡುಕುತ್ತಾರೆ, ಸಿಗುವುದಿಲ್ಲ, ಆಮೇಲೆ ಎಳೆದು ಮುರಿಯುತ್ತಾರೆ. ಬಹಳಷ್ಟು ಕಾರುಗಳಲ್ಲಿ ಹ್ಯಾಂಡಲನ್ನು ಹಿಡಿದಿರುವುದು ಅದರ ಹಿಂದೆ ಅಡಗಿರುವ, ಕುದುರೆ ಲಾಳದ ಆಕಾರದ ಪುಟ್ಟ ತಂತಿ ಕ್ಲಿಪ್. ಬನಿಯನ್ ಬಟ್ಟೆಯನ್ನು ಹ್ಯಾಂಡಲ್ಲಿಗೂ ಡೋರ್ ಪ್ಯಾಡಿಗೂ ನಡುವೆ ತೂರಿಸಿ. ಎರಡು ತುದಿ ಹಿಡಿದು, ಮೊಸರು ಕಡೆಯುವ ಹಾಗೆ ಎಡಕ್ಕೂ ಬಲಕ್ಕೂ ಎಳೆಯಿರಿ. ಬಟ್ಟೆ ಕ್ಲಿಪ್ಪಿನ ತುದಿಗೆ ಸಿಕ್ಕಿ ಅದನ್ನು ಎಗರಿಸುತ್ತದೆ. ‘ಎಗರಿಸುತ್ತದೆ’ ಎಂದು ಸುಮ್ನೆ ಹೇಳುತ್ತಿಲ್ಲ. ನನ್ನದೊಂದು ಕ್ಲಿಪ್ ಎದುರುಮನೆ ಚರಂಡಿಯಲ್ಲಿದೆ. ಮೇಲೊಂದು ಟವೆಲ್ ಮುಚ್ಚಿಕೊಂಡು ಎಳೆಯಿರಿ.

ಆರ್ಮ್‌ರೆಸ್ಟಿನ ಸ್ಕ್ರೂಗಳು, ಲಾಕ್ ಹಿಡಿಯ ಹಿಂದಿನ ಸ್ಕ್ರೂ, ಎಲ್ಲವನ್ನೂ ತೆಗೆದ ಮೇಲೆ ಪ್ಯಾಡನ್ನು ಕೆಳಗಿನ ಮೂಲೆಯಿಂದ ಎಬ್ಬಿಸಿ. ಕ್ಲಿಪ್ಪುಗಳು ‘ಪಟ್ ಪಟ್’ ಎಂದು ಬಿಡುತ್ತವೆ. ಹಳೇ ಕ್ಲಿಪ್ ಒಂದೆರಡು ಮುರಿಯುವುದು ಖಂಡಿತ, ಹೊಸದನ್ನು ಐದಾರು ತಂದಿಟ್ಟುಕೊಂಡೇ ಕೂರಿ.

ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತದೆ. ಅದನ್ನು ಪ್ಯಾಕಿಂಗ್ ಕವರ್ ಅಂದುಕೊಂಡು ಹರಿದು ಬಿಸಾಡಬೇಡಿ. ಮಳೆ ಬಂದಾಗ ಗಾಜಿನ ಅಂಚಿನಿಂದ ನೀರು ಬಾಗಿಲೊಳಗೆ ಇಳಿಯುವುದು ಮಾಮೂಲು. ಆ ನೀರು ಬಾಗಿಲಿನ ತಳದ ತೂತುಗಳಿಂದ ಹೊರಗೆ ಹೋಗಬೇಕು, ಕಾರಿನೊಳಗೆ ಬರಬಾರದು. ಅದಕ್ಕೇ ಆ ಹಾಳೆ. ಅಂಟು ಮೆತ್ತಗಾಗುವಂತೆ ಹೇರ್ ಡ್ರೈಯರ್ ಹಿಡಿದು, ಮೂಲೆಯಿಂದ ಮೆಲ್ಲಗೆ ಬಿಡಿಸಿ.

ಸ್ಪೀಕರ್ ಸ್ಕ್ರೂ ಬದಲು ರಿವೆಟ್‌ನಲ್ಲಿ ಕೂತಿದ್ದರೆ ಡ್ರಿಲ್ ಮಾಡಬೇಕಾಗುತ್ತದೆ. ಆಗ ಉದುರುವ ಕಬ್ಬಿಣದ ಪುಡಿಯನ್ನು ಒಂದು ಚೂರೂ ಬಿಡದೆ ತೆಗೆಯಿರಿ. ಹೊಸ ಸ್ಪೀಕರಿನ ಮ್ಯಾಗ್ನೆಟ್ ಅದನ್ನೆಲ್ಲ ಎಳೆದುಕೊಳ್ಳುತ್ತದೆ. ಕಾಯಿಲ್, ಅಂದರೆ ಒಳಗಿನ ತಂತಿ ಸುರುಳಿಯ ಹತ್ತಿರ ಸೇರಿದರೆ ಹೊಸದೂ ಕರಕರ ಅನ್ನುತ್ತದೆ.

ಈಗ ಹಳೇ ಸ್ಪೀಕರಿಗೆ ವೈರ್ ಸೇರಿಸುವ ಕಪ್ಲರ್ ಬಿಚ್ಚಿ, ಮಲ್ಟಿಮೀಟರನ್ನು ಓಮ್ (ವಿದ್ಯುತ್ ತಡೆಯ ಅಳತೆ) ಗುರುತಿಗೆ ಇಟ್ಟು ಎರಡು ಪಿನ್‌ಗೆ ತಾಗಿಸಿ. 4 ಓಮ್ ಸ್ಪೀಕರ್ ಸುಮಾರು 3.2ರಿಂದ 3.8 ತೋರಿಸುತ್ತದೆ. ಏನೂ ತೋರಿಸದಿದ್ದರೆ ಕಾಯಿಲ್ ಕಡಿದಿದೆ. ಸೊನ್ನೆ ಹತ್ತಿರ ಇದ್ದರೆ ಶಾರ್ಟ್ ಆಗಿದೆ. ಆಮೇಲೆ ಪೆನ್ಸಿಲ್ ಸೆಲ್ ತಗುಲಿಸಿ ತಕ್ಷಣ ತೆಗೆಯಿರಿ. ‘ಥಪ್’ ಅನ್ನಬೇಕು. ಎರಡೂ ಕೈಯ ಬೆರಳುಗಳಿಂದ ಕೋನನ್ನು ಸಮವಾಗಿ ಒಳಗೆ ಒತ್ತಿ. ಮರಳು ಉಜ್ಜಿದ ಸದ್ದು ಬಂದರೆ ಕಾಯಿಲ್ ತಾಗುತ್ತಿದೆ. ಕೋನಿನ ಸುತ್ತಲ ಅಂಚು ಫೋಮ್ ಆಗಿದ್ದರೆ ಉಗುರಿನಿಂದ ಮುಟ್ಟಿ ನೋಡಿ. ರಸ್ಕಿನ ಪುಡಿಯಂತೆ ಉದುರಿದರೆ ಅದರ ಆಯಸ್ಸು ಮುಗಿದಿದೆ.

ಹಂತ 3: ಅಳತೆ

ಎಲ್ಲಕ್ಕಿಂತ ಜಾಸ್ತಿ ಹೊತ್ತು ಇಲ್ಲಿ ಕಳೆಯಿರಿ. ‘ನಿಮ್ಮ ಕಾರಿಗೆ 6 ಇಂಚು ಆಗುತ್ತೆ ಸಾರ್’ ಎಂದು ಯಾರು ಹೇಳಿದರೂ ನಂಬಬೇಡಿ. 4 ಇಂಚು, ಐದೂಕಾಲು ಇಂಚು, ಆರೂವರೆ ಇಂಚು, 6×9 ಓವಲ್ ಎಂಬುದೆಲ್ಲ ಹೆಸರುಗಳು. ಒಂದೇ ಹೆಸರಿನ ಎರಡು ಸ್ಪೀಕರಿನ ಫ್ರೇಮು, ಸ್ಕ್ರೂ ತೂತು, ಆಳ ಬೇರೆಬೇರೆ ಇರುತ್ತವೆ. ಹಳೇ ಕಾರು ಬೇರೆಯವರ ಕೈ ದಾಟಿ ಬಂದಿದ್ದರೆ ಹಿಂದಿನ ಮಾಲೀಕ ತಗಡನ್ನೇ ಕತ್ತರಿಸಿ ತೂತು ದೊಡ್ಡದು ಮಾಡಿರಲೂಬಹುದು.

ಬೇಕಾದ್ದು ನಾಲ್ಕು ಅಳತೆ. ಎಲ್ಲವನ್ನೂ ಮಿಲಿಮೀಟರಿನಲ್ಲೇ ಬರೆಯಿರಿ, ಇಂಚು ಬೇಡ.

ಮೊದಲನೆಯದು ತಗಡಿನ ತೂತಿನ ಅಗಲ. ಸ್ಪೀಕರಿನ ಹೊರ ಫ್ರೇಮ್ ಅಲ್ಲ, ತೂತು. ಎರಡನೆಯದು ಎದುರುಬದುರು ಸ್ಕ್ರೂ ತೂತುಗಳ ನಡುವಿನ ದೂರ, ಮಧ್ಯದಿಂದ ಮಧ್ಯಕ್ಕೆ. ಇವೆರಡೂ ಸುಲಭ.

ಮೂರನೆಯದು ಆಳ. ನನ್ನ ರೆಗ್ಯುಲೇಟರ್ ತಿಂದದ್ದು ಇದೇ. ಸ್ಪೀಕರ್ ಬಿಚ್ಚಿ, ಪವರ್ ವಿಂಡೋ ಆಗಿದ್ದರೆ ಬ್ಯಾಟರಿ ಒಮ್ಮೆ ಸೇರಿಸಿ, ಹ್ಯಾಂಡಲ್ ಆಗಿದ್ದರೆ ಅದನ್ನೇ ಮತ್ತೆ ಸಿಕ್ಕಿಸಿ ತಿರುಗಿಸಿ, ಗಾಜನ್ನು ಪೂರ್ತಿ ಕೆಳಗಿಳಿಸಿ. ತೂತಿಗೆ ಅಡ್ಡಲಾಗಿ ಸ್ಕೇಲು ಹಿಡಿಯಿರಿ. ಪೊರಕೆ ಕಡ್ಡಿಯನ್ನು ಒಳಗೆ ನೇರ ತಳ್ಳಿ. ಗಾಜಿಗೆ ತಾಗಿದ ಕಡೆ ನಿಲ್ಲಿಸಿ, ಸ್ಕೇಲಿನ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ ಅಳೆಯಿರಿ. ಒಂದೇ ಕಡೆ ಅಳೆದರೆ ಸಾಲದು. ಮ್ಯಾಗ್ನೆಟ್ ಎಂಬುದು ತಟ್ಟೆಯಷ್ಟು ಅಗಲದ ವಸ್ತು. ಹಾಗಾಗಿ ಮಧ್ಯದಿಂದ ನಾಲ್ಕು ಸೆಂಟಿಮೀಟರ್ ಆಚೆ ಈಚೆ, ಮೇಲೆ ಕೆಳಗೆ ಕೂಡ ಕಡ್ಡಿ ತಾಗಿಸಿ. ಗಾಜು ನೇರ ಇರುವುದಿಲ್ಲ, ಸ್ವಲ್ಪ ಬಾಗಿರುತ್ತದೆ. ಅರ್ಧ ಇಳಿದಾಗ ಒಂದು ಅಳತೆ, ಪೂರ್ತಿ ಇಳಿದಾಗ ಒಂದು ಅಳತೆ ತೆಗೆದು, ಕಮ್ಮಿ ಬಂದದ್ದನ್ನು ಇಟ್ಟುಕೊಳ್ಳಿ. ಅದರಿಂದ 5 ಮಿಲಿಮೀಟರ್ ಕಳೆಯಿರಿ, ಏಕೆಂದರೆ ಹಳೇ ಗಾಜು ಗುಂಡಿ ಹಾರಿದಾಗ ಅಲುಗುತ್ತದೆ. ಗಾಜನ್ನು ಹೊರುವ ರೆಗ್ಯುಲೇಟರ್ ತೋಳು ಆ ದಾರಿಯಲ್ಲಿ ಬರುತ್ತದಾ ಎಂಬುದನ್ನೂ ಟಾರ್ಚ್ ಬಿಟ್ಟು ನೋಡಿ.

ನಾಲ್ಕನೆಯದನ್ನು ಹೆಚ್ಚಿನವರು ಮರೆಯುತ್ತಾರೆ. ಸ್ಪೀಕರಿನ ಮುಂಭಾಗಕ್ಕೂ ಡೋರ್ ಪ್ಯಾಡಿನ ಜಾಲರಿಗೂ ನಡುವೆ ಎಷ್ಟು ಜಾಗ ಇದೆ? ಹೊಸ ಸ್ಪೀಕರ್‌ಗಳಲ್ಲಿ ಟ್ವೀಟರ್ (ಸಣ್ಣ, ಚೂಪು ಸದ್ದು ಕೊಡುವ ಪುಟ್ಟ ಸ್ಪೀಕರ್) ಮಧ್ಯದಲ್ಲಿ ಕಂಬದಂತೆ ಎದ್ದು ನಿಂತಿರುತ್ತದೆ. ಅದು ಜಾಲರಿಗೆ ತಾಗಿದರೆ ಪ್ಯಾಡ್ ಕೂರುವುದಿಲ್ಲ. ಸ್ಪೀಕರ್ ಇದ್ದ ಜಾಗದಲ್ಲಿ ಗೋಧಿಹಿಟ್ಟಿನ ಉಂಡೆ ಅಂಟಿಸಿ, ಪ್ಯಾಡ್ ಒತ್ತಿ ತೆಗೆಯಿರಿ. ಉಂಡೆ ಎಷ್ಟು ದಪ್ಪ ಉಳಿಯಿತೋ ಅಷ್ಟೇ ಜಾಗ.

ಆಳ ಸಾಲದೆ ಬಂದರೆ ಸ್ಪೇಸರ್ ರಿಂಗ್ ಹಾಕಿ ಸ್ಪೀಕರನ್ನು ಮುಂದಕ್ಕೆ ತರಬಹುದು. ಆದರೆ ಮುಂದೆ ಬಂದಷ್ಟೂ ನಾಲ್ಕನೇ ಅಳತೆ ಕಮ್ಮಿಯಾಗುತ್ತದೆ. ಎರಡನ್ನೂ ಕೂಡಿಸಿ ಕಳೆದು ನೋಡಿ. ಕೊನೆಗೆ ಹಳೇ ಶೂ ಡಬ್ಬದ ರಟ್ಟು ಕತ್ತರಿಸಿ, ನೀವು ಕೊಳ್ಳಬೇಕೆಂದಿರುವ ಸ್ಪೀಕರಿನ ಆಳ, ಮ್ಯಾಗ್ನೆಟ್ ಅಗಲಕ್ಕೆ ಸರಿಯಾಗಿ ಒಂದು ಡಮ್ಮಿ ಮಾಡಿ. ಅದನ್ನು ತೂತಿನಲ್ಲಿಟ್ಟು ಗಾಜು ಏರಿಸಿ ಇಳಿಸಿ. ರಟ್ಟು ಸಿಕ್ಕಿಕೊಂಡರೆ ನಷ್ಟ ಏನೂ ಇಲ್ಲ.

ಹಂತ 4: ಸ್ಟೀರಿಯೊ ಎಷ್ಟು ಕೊಡುತ್ತದೆ?

ಸ್ಟೀರಿಯೊ ಮುಖದ ಮೇಲೆ ‘50 ವ್ಯಾಟ್ × 4’ ಎಂದು ಬರೆದಿರುತ್ತದೆ. ಆ ಐವತ್ತು ಎಲ್ಲಿಂದ ಬಂತು ಗೊತ್ತಾ? ಎಂಜಿನ್ ಓಡುವಾಗ ಬ್ಯಾಟರಿ ಸಾಲಿನಲ್ಲಿ 14.4 ವೋಲ್ಟ್ ಇದೆ ಅಂದುಕೊಳ್ಳಿ. 14.4ನ್ನು 14.4ರಿಂದ ಗುಣಿಸಿ 4 ಓಮ್‌ನಿಂದ ಭಾಗಿಸಿದರೆ 51.8. ಅಂದರೆ ಇದ್ದ ವೋಲ್ಟೇಜನ್ನೆಲ್ಲ ಒಂದು ಚೂರೂ ಬಿಡದೆ ಸ್ಪೀಕರ್‌ಗೆ ಸುರಿದರೆ ಬರುವ ಲೆಕ್ಕ. ಅದು ಹಾಡಾಗಿರುವುದಿಲ್ಲ, ಬರೀ ಗರಗರ ಆಗಿರುತ್ತದೆ. ಸ್ವಚ್ಛ ಅಲೆಯ ಲೆಕ್ಕ ಹಾಕಿದರೆ ಅದು 26ಕ್ಕೆ ಇಳಿಯುತ್ತದೆ. ಒಳಗಿನ ನಷ್ಟ ಕಳೆದರೆ ಕೈಗೆ ಸಿಗುವುದು ಒಂದು ಚಾನೆಲ್‌ಗೆ 15ರಿಂದ 20 ವ್ಯಾಟ್ ಆರ್‌ಎಂಎಸ್, ಅಂದರೆ ಸತತವಾಗಿ ಸಿಗುವ ನಿಜವಾದ ಶಕ್ತಿ.

ಬೇರೆ ಆಂಪ್ಲಿಫೈಯರ್ ಇಲ್ಲದಿದ್ದರೆ ನಿಮ್ಮ ಸ್ಪೀಕರಿಗೆ ಸಿಗುವ ಊಟ ಇಷ್ಟೇ. ಇದನ್ನು ಚೀಟಿಯಲ್ಲಿ ಅಳತೆಗಳ ಕೆಳಗೆ ಬರೆದುಕೊಳ್ಳಿ.

ಹಂತ 5: ಯಾವ ಸ್ಪೀಕರ್?

ಓಮ್ ಮೊದಲು. ಸ್ಟೀರಿಯೊಗೆ 4 ಓಮ್ ಬೇಕು. ಮನೆಯ ಹಳೇ ಮ್ಯೂಸಿಕ್ ಸಿಸ್ಟಮ್‌ನಿಂದ ಬಿಚ್ಚಿದ 8 ಓಮ್ ಸ್ಪೀಕರ್ ಹಾಕಿದರೆ ಏನೂ ಸುಡುವುದಿಲ್ಲ, ಆದರೆ ಶಕ್ತಿ ಅರ್ಧ. 2 ಓಮ್ ಹಾಕಿದರೆ, ಅಥವಾ ಒಂದೇ ವೈರಿಗೆ ಎರಡು 4 ಓಮ್ ಸ್ಪೀಕರನ್ನು ಅಕ್ಕಪಕ್ಕ ಸೇರಿಸಿದರೆ ಸ್ಟೀರಿಯೊ ಬಿಸಿಯಾಗುತ್ತದೆ. ‘ಒಂದು ಸ್ಪೀಕರ್ ಜಾಸ್ತಿ ಇರಲಿ’ ಎಂದು ಹೀಗೆ ಮಾಡಿದ ಕಾರು ಬಹಳ ನೋಡಿದ್ದೇನೆ.

ಎರಡನೆಯದು ಸೆನ್ಸಿಟಿವಿಟಿ. ಹಳೇ ಕಾರಿಗೆ ನಿಜವಾಗಿ ನೋಡಬೇಕಾದ ಸಂಖ್ಯೆ ಇದು. ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಎಂಬ ಲೆಕ್ಕ. 3 ಡೆಸಿಬೆಲ್ ಜಾಸ್ತಿ ಅಂದರೆ ಅಷ್ಟೇ ಸದ್ದಿಗೆ ಅರ್ಧ ಶಕ್ತಿ ಸಾಕು. ಅಂದರೆ 91 ಡೆಸಿಬೆಲ್‌ನ ಸ್ಪೀಕರಿಗೆ 20 ವ್ಯಾಟ್ ಕೊಟ್ಟರೂ, 88ರದಕ್ಕೆ 40 ವ್ಯಾಟ್ ಕೊಟ್ಟರೂ ಒಂದೇ. ಹೊಸ, ದುಬಾರಿ ಸ್ಪೀಕರ್ ಹಾಕಿಯೂ ಸದ್ದು ಕಮ್ಮಿಯಾಯಿತು ಎಂದು ಗೋಳಾಡುವವರು ಎಡವಿದ್ದು ಇಲ್ಲೇ. ಭಾರವಾದ ಕೋನಿನ ಸ್ಪೀಕರನ್ನು ಕಂಪನಿ ಸ್ಟೀರಿಯೊ ತಳ್ಳಲಾರದು. ಸ್ಟೀರಿಯೊದಿಂದಲೇ ಓಡಿಸುವುದಾದರೆ 90ಕ್ಕಿಂತ ಕೆಳಗೆ ಇಳಿಯಬೇಡಿ.

ಇದರಲ್ಲೂ ಒಂದು ಕಣ್ಕಟ್ಟಿದೆ. ಸಣ್ಣ ಅಕ್ಷರದಲ್ಲಿ ‘1 ವ್ಯಾಟ್’ ಎಂದಿದೆಯೋ ‘2.83 ವೋಲ್ಟ್’ ಎಂದಿದೆಯೋ ನೋಡಿ. 4 ಓಮ್‌ಗೆ 2.83 ವೋಲ್ಟ್ ಅಂದರೆ 2 ವ್ಯಾಟ್ ಆಯಿತು. ಹಾಗೆ ಬರೆದ 92 ಡೆಸಿಬೆಲ್ ನಮ್ಮ ಲೆಕ್ಕಕ್ಕೆ 89.

ವ್ಯಾಟ್ ವಿಷಯ ಒಂದೇ ಮಾತು: ‘ಮ್ಯಾಕ್ಸ್’, ‘ಪೀಕ್’ ಎಂದು ಬರೆದದ್ದನ್ನು ಕಣ್ಣೆತ್ತಿ ನೋಡಬೇಡಿ. ಆರ್‌ಎಂಎಸ್ 30ರಿಂದ 50ರ ಒಳಗೆ ಇದ್ದರೆ ಹಳೇ ಸ್ಟೀರಿಯೊಗೆ ಸಾಕು. ಆ ಸಂಖ್ಯೆ ಸ್ಪೀಕರ್ ತಡೆಯುವ ಶಕ್ತಿಯೇ ಹೊರತು ಕೊಡುವ ಸದ್ದಲ್ಲ.

ಟ್ವೀಟರ್ ಮಧ್ಯದಲ್ಲೇ ಕೂತಿರುವ ಕೊಆಕ್ಸಿಯಲ್ ತಗೊಳ್ಳಬೇಕಾ, ಕಾಂಪೊನೆಂಟ್ ತಗೊಳ್ಳಬೇಕಾ? ಹಳೇ ಸಣ್ಣ ಕಾರುಗಳಲ್ಲಿ ಸ್ಪೀಕರ್ ಬಾಗಿಲಿನ ಕೆಳಗೆ, ಮೀನಖಂಡದ ಹತ್ತಿರ ಇರುತ್ತದೆ. ಟ್ವೀಟರ್ ಅಲ್ಲೇ ಇದ್ದರೆ ತಾಳದ ಸದ್ದು, ಬಳೆ ಸದ್ದು ಎಲ್ಲ ನಿಮ್ಮ ಪ್ಯಾಂಟಿಗೆ ಕೇಳುತ್ತದೆ. ಕಾಂಪೊನೆಂಟ್ ಸೆಟ್‌ನಲ್ಲಿ ಟ್ವೀಟರ್ ಬೇರೆ ಬರುವುದರಿಂದ ಕನ್ನಡಿಯ ಮೂಲೆಗೆ ಕೂರಿಸಬಹುದು, ಹಾಡು ಎದುರಿಗೆ ಬರುತ್ತದೆ. ಆದರೆ ದಪ್ಪ ಸದ್ದು, ಸಣ್ಣ ಸದ್ದು ಬೇರ್ಪಡಿಸಿ ಕಳಿಸುವ ಕ್ರಾಸ್‌ಓವರ್ ಇಡಲು ಜಾಗ, ವೈರ್ ಎಳೆಯುವ ಕೆಲಸ, ಜತೆಗೆ ಸಾಮಾನ್ಯವಾಗಿ ಜಾಸ್ತಿ ಶಕ್ತಿ ಬೇಕು. ಆಂಪ್ಲಿಫೈಯರ್ ಹಾಕುವ ಯೋಚನೆ ಇಲ್ಲದಿದ್ದರೆ ಒಳ್ಳೆಯ ಎರಡು ದಾರಿಯ (ಟೂ ವೇ) ಕೊಆಕ್ಸಿಯಲ್ ಸಾಕು, ಇದು ನನ್ನ ಅಭಿಪ್ರಾಯ. ‘ತ್ರೀ ವೇ, ಫೋರ್ ವೇ’ ಎಂದು ಮಧ್ಯದಲ್ಲಿ ಗುಂಡುಪಿನ್ನು ಸೆಕ್ಕಿದಂತೆ ಪುಟಾಣಿ ಟ್ವೀಟರ್ ಜೋಡಿಸಿರುವುದಕ್ಕೆ ಜಾಸ್ತಿ ದುಡ್ಡು ಕೊಡಬೇಡಿ.

ಕೋನು ಮತ್ತು ಅಂಚು: ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನ ಕೋನ್, ರಬ್ಬರ್ ಅಂಚು. ಕಾರವಾರ, ಉಡುಪಿ, ಮಂಗಳೂರು ಕಡೆಯವರಿಗೆ, ಮಲೆನಾಡಿನವರಿಗೆ ಇದರಲ್ಲಿ ಎರಡು ಮಾತಿಲ್ಲ. ಬರೀ ಕಾಗದದ ಕೋನ್ ಹದವಾದ ಸದ್ದು ಕೊಡುತ್ತದೆ ನಿಜ, ಆದರೆ ನಾಲ್ಕು ತಿಂಗಳು ತೇವದಲ್ಲಿದ್ದರೆ ಮೆತ್ತಗಾಗುತ್ತದೆ. ಫೋಮ್ ಅಂಚಿನದ್ದು ಬೇಡವೇ ಬೇಡ.

ಹಿಂದಿನ ಸ್ಪೀಕರ್ ಬಗ್ಗೆ ಯೋಚಿಸುವ ಮೊದಲು ಇರುವ ದುಡ್ಡನ್ನೆಲ್ಲ ಮುಂದಿನ ಎರಡಕ್ಕೆ ಹಾಕಿ. ಹಿಂದಿನ ಗಾಜಿನ ಕೆಳಗೆ ಪಾರ್ಸಲ್ ಟ್ರೇ ಮೇಲೆ ದೊಡ್ಡ ಓವಲ್ ಕೂರಿಸುವ ಆಸೆ ಎಲ್ಲರಿಗೂ ಇರುತ್ತದೆ. ಹ್ಯಾಚ್‌ಬ್ಯಾಕ್‌ನ ರಟ್ಟಿನಂಥ ಟ್ರೇ ಆ ಭಾರಕ್ಕೆ ಬಾಗಿ ಗಡಗಡ ಅನ್ನುತ್ತದೆ, ಬಿಸಿಲು ನೇರ ಬಡಿಯುತ್ತದೆ. ಜೋರಾಗಿ ಬ್ರೇಕ್ ಹಾಕಿದರೆ ಸಡಿಲ ಟ್ರೇ ಸ್ಪೀಕರ್ ಸಮೇತ ಹಿಂದೆ ಕೂತವರ ತಲೆಗೆ ಬರುತ್ತದೆ.

ಹಂತ 6: ಅಂಗಡಿಯಲ್ಲಿ

ಬೆಂಗಳೂರಿನವರು ಜೆ.ಸಿ. ರಸ್ತೆಗೆ ಹೋಗುತ್ತಾರೆ, ಬೇರೆ ಊರುಗಳಲ್ಲೂ ಇಂಥದ್ದೊಂದು ಬೀದಿ ಇರುತ್ತದೆ. ಎಲ್ಲಿಗೆ ಹೋದರೂ ಚೀಟಿ ಕೈಯಲ್ಲಿರಲಿ. ಮಾತು ಹೀಗೆ ಶುರುವಾಗುತ್ತದೆ:

‘ಇದು ತಗೊಳ್ಳಿ ಸಾರ್, ಮುನ್ನೂರು ವ್ಯಾಟ್. ಬಾಗಿಲು ನಡುಗುತ್ತೆ.’

‘ಆರ್‌ಎಂಎಸ್ ಎಷ್ಟಣ್ಣ? ಆಳ ಎಷ್ಟು ಮಿಲಿಮೀಟರು?’

ಇಷ್ಟು ಕೇಳಿದರೆ ಅಣ್ಣ ಒಳಗಿನಿಂದ ಬೇರೆ ಡಬ್ಬ ತರುತ್ತಾನೆ.

ಗೋಡೆಯ ಡೆಮೊ ಬೋರ್ಡಿನ ಸದ್ದನ್ನು ನಂಬಬೇಡಿ. ಅದರ ಹಿಂದೆ ದೊಡ್ಡ ಆಂಪ್ಲಿಫೈಯರ್ ಇರುತ್ತದೆ, ಪಕ್ಕದಲ್ಲಿ ಸಬ್‌ವೂಫರ್ ಕೂಡ ಓಡುತ್ತಿರಬಹುದು. ಅದನ್ನು ಆರಿಸಲು ಹೇಳಿ. ನಿಮಗೆ ಬಾಯಿಪಾಠ ಇರುವ ಒಂದು ಹಾಡನ್ನು, ಕಮ್ಮಿ ಸದ್ದಿನಲ್ಲಿ ಹಾಕಿಸಿ. ಹಾಡುವವರ ದನಿ ಮೂಗಿನಲ್ಲಿ ಬಂದಂತೆ ಕೇಳಿದರೆ ಬೇರೆಯದು ನೋಡಿ.

ಡಬ್ಬ ಅಲ್ಲೇ ತೆರೆಸಿ. ಹೆಸರಾಂತ ಕಂಪನಿಗಳ ನಕಲಿ ಮಾಲು ಓಡಾಡುತ್ತದೆ. ಅಕ್ಷರ ಮಸುಕಾಗಿರುವುದು, ಎತ್ತಿದರೆ ಹಗುರ ಅನ್ನಿಸುವುದು, ಸೀರಿಯಲ್ ನಂಬರ್ ಡಬ್ಬದ್ದೊಂದು ಸ್ಪೀಕರಿನದ್ದೊಂದು ಇರುವುದು, ಬಿಲ್ ಕೊಡಲು ಹಿಂದೆಮುಂದೆ ನೋಡುವುದು, ಇವು ಕಂಡರೆ ಹೊರಟುಬಿಡಿ. ಇಟ್ಟುಕೊಂಡ ದುಡ್ಡಿನಲ್ಲಿ ಕಾಲು ಭಾಗವನ್ನು ಸ್ಪೇಸರ್, ನಿಮ್ಮ ಕಾರಿನ ಕಪ್ಲರ್ ಅಡಾಪ್ಟರ್, ತಗಡಿನ ನಡುಕ ತಗ್ಗಿಸುವ ಡ್ಯಾಂಪಿಂಗ್ ಶೀಟ್, ಫೋಮ್ ಟೇಪಿಗೆ ಉಳಿಸಿಕೊಳ್ಳಿ. ಸ್ಪೇಸರ್ ಎಂಡಿಎಫ್‌ನದ್ದಾದರೆ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಬೇಡ, ಮೊದಲ ಮಳೆಗೇ ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಉಬ್ಬುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನದ್ದು ತಗೊಳ್ಳಿ. ಪ್ಲೈವುಡ್ಡೇ ಆಗಬೇಕೆಂದರೆ ವಾಟರ್‌ಪ್ರೂಫ್ ಪ್ಲೈಗೆ ಅಂಚೂ ಬಿಡದಂತೆ ಆಯಿಲ್ ಪೇಂಟ್ ಬಳಿಯಿರಿ.

ಹಂತ 7: ಕೂರಿಸುವುದು

ಕಂಪನಿ ಕಪ್ಲರ್ ಕತ್ತರಿಸಬೇಡಿ, ಅಡಾಪ್ಟರ್ ಹಾಕಿ. ಯಾರೋ ಆಗಲೇ ಕತ್ತರಿಸಿದ್ದರೆ ಸ್ಟೀರಿಯೊ ಹಿಂದಿನ ಬಣ್ಣ ನೋಡಿ. ಹೊರಗಿನಿಂದ ತಂದು ಹಾಕುವ ಸ್ಟೀರಿಯೊಗಳಲ್ಲಿ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣಕ್ಕೆ ಕಪ್ಪು ಗೆರೆ ಇದ್ದರೆ ಅದು ಮೈನಸ್. ಸ್ಪೀಕರಿನಲ್ಲಿ ಸಾಮಾನ್ಯವಾಗಿ ಅಗಲದ ಪಿನ್ ಪ್ಲಸ್, ಸಣ್ಣದು ಮೈನಸ್. ಸಂಶಯ ಬಂದರೆ ಪೆನ್ಸಿಲ್ ಸೆಲ್ ತಗುಲಿಸಿ. ಕೋನ್ ಹೊರಗೆ ಚಿಮ್ಮಿದರೆ ಸೆಲ್ಲಿನ ಪ್ಲಸ್ ತಾಗಿದ್ದೇ ಸ್ಪೀಕರಿನ ಪ್ಲಸ್.

ಸ್ಪೀಕರ್ ಮೈನಸ್ಸನ್ನು ಕಾರಿನ ತಗಡಿಗೆ ಸೇರಿಸಿ ವೈರ್ ಉಳಿಸುವ ಹಳೇ ಅಭ್ಯಾಸ ಕೆಲವು ಕಡೆ ಇನ್ನೂ ಇದೆ. ಈಗಿನ ಸ್ಟೀರಿಯೊಗಳಲ್ಲಿ ಆ ಮೈನಸ್ಸಿಗೂ ವೋಲ್ಟೇಜ್ ಇರುತ್ತದೆ. ತಗಡಿಗೆ ಮುಟ್ಟಿದರೆ ಸ್ಟೀರಿಯೊ ಸುಡಬಹುದು. ಪ್ರತಿ ಸ್ಪೀಕರಿಗೂ ಎರಡು ವೈರ್ ಬೇಕೇ ಬೇಕು. ಜೋಡಣೆಗೆ ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ. ಬರೀ ಇನ್ಸುಲೇಷನ್ ಟೇಪ್ ಬೇಸಿಗೆಯಲ್ಲಿ ಅಂಟು ಬಿಟ್ಟು ಜಾರುತ್ತದೆ.

ಕೂರಿಸುವ ಮೊದಲು ಸ್ಪೀಕರಿನ ಸುತ್ತ ಫೋಮ್ ಟೇಪ್ ಅಂಟಿಸಿ. ಕೋನ್ ಮುಂದಕ್ಕೆ ತಳ್ಳುವಷ್ಟೇ ಗಾಳಿಯನ್ನು ಹಿಂದಕ್ಕೂ ಎಳೆಯುತ್ತದೆ. ಸಂದಿ ಇದ್ದರೆ ಎರಡೂ ಸೇರಿ ಬೇಸ್ ಅಲ್ಲೇ ಸೊನ್ನೆಯಾಗುತ್ತದೆ. ‘ಹೊಸ ಸ್ಪೀಕರಲ್ಲಿ ಬೇಸೇ ಇಲ್ಲ’ ಅನ್ನುವವರ ಬಾಗಿಲು ಬಿಚ್ಚಿದರೆ ಇದೇ ಸಂದಿ ಸಿಗುತ್ತದೆ. ಹೊರ ತಗಡಿನ ಒಳಮೈಗೆ, ಸ್ಪೀಕರಿನ ನೇರ ಹಿಂದೆ, ಎರಡು ಅಂಗೈ ಅಗಲ ಡ್ಯಾಂಪಿಂಗ್ ಶೀಟ್ ಅಂಟಿಸಿದರೆ ತಗಡಿನ ಡಬ್ಬದ ಸದ್ದು ಹೋಗುತ್ತದೆ. ಅಂಟಿಸುವ ಮೊದಲು ಧೂಳು, ಎಣ್ಣೆ ಒರೆಸಿ. ತಳದ ನೀರು ತೂತುಗಳ ಮೇಲೆ ಮಾತ್ರ ಏನೂ ಅಂಟಿಸಬೇಡಿ.

ಮ್ಯಾಗ್ನೆಟ್ಟಿನ ಮೇಲ್ಭಾಗಕ್ಕೆ ನೀರು ತೊಟ್ಟಿಕ್ಕದ ಹಾಗೆ ಒಂದು ಛತ್ರಿ ಬೇಕು. ಸಿದ್ಧ ಫೋಮ್ ಬಟ್ಟಲು ಸಿಗುತ್ತದೆ, ಅದರ ಕೆಳ ಅರ್ಧ ಕತ್ತರಿಸಿ ಮೇಲಿನದ್ದಷ್ಟೇ ಹಾಕಿ. ಗಾಜಿಗೆ ತಾಗದಷ್ಟು ಜಾಗ ಇದೆಯಾ ನೋಡಿಕೊಳ್ಳಿ.

ಸ್ಕ್ರೂ ಬಿಗಿಯುವಾಗ ಅವಸರ ಬೇಡ. ಮ್ಯಾಗ್ನೆಟ್ ಸ್ಕ್ರೂಡ್ರೈವರನ್ನು ಎಳೆಯುತ್ತದೆ. ಕೈ ಜಾರಿತೋ, ತುದಿ ನೇರ ಕೋನಿನಲ್ಲಿ. ಕೋನಿನ ಮೇಲೆ ಒಂದು ದುಂಡನೆ ರಟ್ಟು ಮುಚ್ಚಿಟ್ಟುಕೊಂಡು, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ಬಿಗಿಯಿರಿ. ಒಂದೇ ಕಡೆ ಪೂರ್ತಿ ಬಿಗಿದರೆ ಫ್ರೇಮ್ ಸೊಟ್ಟಗಾಗಿ ಕಾಯಿಲ್ ತಾಗುತ್ತದೆ.

ಹಂತ 8: ಪ್ಯಾಡ್ ಮುಚ್ಚುವ ಮೊದಲು, ಮುಚ್ಚಿದ ಮೇಲೆ

ಬ್ಯಾಟರಿ ಸೇರಿಸಿ, ಗಾಜನ್ನು ಮೂರು ಸಲ ಪೂರ್ತಿ ಏರಿಸಿ ಇಳಿಸಿ. ಆಮೇಲೆ ಹಾಡು ಹಾಕಿ ನಾಲ್ಕೂ ಸ್ಪೀಕರ್ ಒಂದೊಂದಾಗಿ ಕೇಳಿ. ಪ್ಲಾಸ್ಟಿಕ್ ಹಾಳೆ ಮತ್ತೆ ಅಂಟಿಸಿ, ಕೆಳ ಅಂಚು ಬಾಗಿಲ ತಗಡಿನ ಒಳಕ್ಕೆ ಹೋಗುವಂತೆ ಮಡಚಿ. ಆಮೇಲಷ್ಟೇ ಪ್ಯಾಡ್. ಹ್ಯಾಂಡಲ್‌ನ ಲಾಳದ ಕ್ಲಿಪ್ಪನ್ನು ಮೊದಲು ಹ್ಯಾಂಡಲ್ಲಿಗೆ ಸಿಕ್ಕಿಸಿ, ಆಮೇಲೆ ಅಂಗೈಯಿಂದ ಒಂದು ಏಟು ಕೊಟ್ಟರೆ ಕೂರುತ್ತದೆ.

ಪ್ಲಸ್ ಮೈನಸ್ ಸರಿ ಇದೆಯಾ ತಿಳಿಯಲು ಆಕಾಶವಾಣಿ ವಾರ್ತೆ ಹಾಕಿ. ಬ್ಯಾಲೆನ್ಸ್ ಮಧ್ಯದಲ್ಲಿರಲಿ. ಓದುವವರ ದನಿ ಡ್ಯಾಶ್‌ಬೋರ್ಡಿನ ನಡುವಿನಿಂದ ಬಂದಂತೆ ಇರಬೇಕು. ದನಿ ಎಲ್ಲಿಂದ ಬರುತ್ತಿದೆ ಎಂದೇ ಗೊತ್ತಾಗದಿದ್ದರೆ ಬೇಸ್ ಇರುವ ಹಾಡು ಹಾಕಿ, ಬ್ಯಾಲೆನ್ಸನ್ನು ಒಂದೇ ಕಡೆಗೆ ತಿರುಗಿಸಿ. ಒಂದೇ ಸ್ಪೀಕರಿಗೆ ಬೇಸ್ ಜಾಸ್ತಿಯಾದರೆ, ಎರಡರಲ್ಲಿ ಒಂದರ ವೈರ್ ಉಲ್ಟಾ ಇದೆ.

ಸ್ಟೀರಿಯೊದಲ್ಲಿ ದಪ್ಪ ಸದ್ದನ್ನು ತಡೆಯುವ ಹೈ ಪಾಸ್ ಫಿಲ್ಟರ್ ಇದ್ದರೆ ಆರೂವರೆ ಇಂಚಿಗೆ 80 ಹರ್ಟ್ಜ್, 4 ಇಂಚಿಗೆ 100ರಿಂದ 120ಕ್ಕೆ ಇಡಿ. ಸಣ್ಣ ಕೋನಿಗೆ ಆಗದ ಕೆಲಸವನ್ನು ಅದರ ಮೇಲೆ ಹೇರದಿದ್ದರೆ ಉಳಿದ ಸದ್ದು ತಿಳಿಯಾಗುತ್ತದೆ. ಲೌಡ್‌ನೆಸ್ ಆರಿಸಿ.

ಈ ಗುರುತು ಕಂಡರೆ ನಿಲ್ಲಿಸಿ

ವಾಲ್ಯೂಮ್ ಏರಿಸಿದಾಗ ಸ್ಟೀರಿಯೊ ಆಫ್ ಆಗಿ ಮತ್ತೆ ಆನ್ ಆದರೆ ಎಲ್ಲೋ ಸ್ಪೀಕರ್ ವೈರ್ ತಗಡಿಗೆ ಮುಟ್ಟುತ್ತಿದೆ, ಇಲ್ಲವೇ ಓಮ್ ಕಮ್ಮಿ ಇದೆ. ಸುಟ್ಟ ವಾರ್ನಿಷ್ ವಾಸನೆ ಬಂದರೆ ಕಾಯಿಲ್ ಬೇಯುತ್ತಿದೆ, ತಕ್ಷಣ ಆರಿಸಿ. ವಾಲ್ಯೂಮಿನ ಮುಕ್ಕಾಲು ದಾಟಿದ ಮೇಲೆ ಸದ್ದು ಏರದೆ ಬರೀ ಒರಟಾದರೆ ಸ್ಟೀರಿಯೊದ ಮಿತಿ ಅಲ್ಲಿಗೆ ಮುಗಿಯಿತು. ಈ ಒರಟು ಸದ್ದಿನಲ್ಲೇ ಓಡಿಸುತ್ತಿದ್ದರೆ ಟ್ವೀಟರ್ ಸಾಯಬಹುದು. ಬಾಗಿಲು ಒಂದೇ ಸ್ವರಕ್ಕೆ ಗಡಗಡ ಅಂದರೆ ಸ್ಪೀಕರ್ ಬೈಯುವ ಮೊದಲು, ಮನೆಯವರೊಬ್ಬರನ್ನು ಕೂರಿಸಿ ಪ್ಯಾಡನ್ನು ಅಲ್ಲಲ್ಲಿ ಒತ್ತಿಸಿ. ಒತ್ತಿದಾಗ ನಿಂತರೆ ಅಲ್ಲಿನ ಕ್ಲಿಪ್ ಮುರಿದಿದೆ, ಅಷ್ಟೇ.

ಮೊದಲ ಜೋರು ಮಳೆ ಆದ ಮರುದಿನ ಬೆಳಿಗ್ಗೆ ಇನ್ನೊಂದು ಕೆಲಸ ಬಾಕಿ ಇದೆ. ಬಾಗಿಲು ತೆರೆದು ಆಚೀಚೆ ಅಲುಗಿಸಿ. ಕೊಡದಲ್ಲಿ ನೀರು ತುಳುಕಿದ ಸದ್ದು ಕೇಳಿದರೆ ತಳದ ತೂತು ಕಟ್ಟಿದೆ. ಪೊರಕೆ ಕಡ್ಡಿ ತಂದು ಚುಚ್ಚಿ, ನೀರು ಇಳಿಯುತ್ತದೆ. ಒಳಗಿನ ಮ್ಯಾಟ್ ಮುಟ್ಟಿ ನೋಡಿ. ಒದ್ದೆ ಇದ್ದರೆ ಪ್ಲಾಸ್ಟಿಕ್ ಹಾಳೆಯನ್ನು ಇನ್ನೊಮ್ಮೆ ಅಂಟಿಸಬೇಕು.